ಮಿಲಾನ್‌ನಿಂದ ರೋಮ್‌ಗೆ ಇಟಾಲೊ ರೈಲು: ಹುಬ್ಬಳ್ಳಿಯ ಹಳೇ ಕಂಟ್ರೋಲರ್ ಬರೆದದ್ದು

ಮಗಳು ಮಿಲಾನ್‌ನಲ್ಲಿ ಕೆಲಸಕ್ಕಿದ್ದಾಳೆ. ಹೋದ ವರ್ಷ ಮೇ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಅವಳ ಮನೆಯಲ್ಲಿ ಮೂರು ವಾರ ಇದ್ದು ಬಂದೆವು. ರೋಮ್‌ಗೆ ಹೊರಡುವ ಮಾತು ಬಂದಾಗ ಅವಳು ಮೊಬೈಲ್ ತೆರೆದು ಕೇಳಿದಳು: "ಅಪ್ಪಾ, ಇಲ್ಲೆ ಎರಡು ಕಂಪನಿ ಅದಾವ. ಒಂದು ಸರ್ಕಾರದ್ದು, ಒಂದು ಖಾಸಗಿ, ಇಟಾಲೊ ಅಂತ. ಯಾವುದರಾಗ ಹೋಗೂಣು?"

ದರ ಎಷ್ಟು ಅಂತ ಕೇಳುವ ಮೊದಲೇ ನನ್ನ ಬಾಯಿಗೆ ಬಂದ ಮಾತು ಬೇರೆ. "ಹಳಿ ಯಾರದವ್ವಾ?"

"ಹಳಿ ಒಂದ ಅಪ್ಪಾ, ಸರ್ಕಾರದ್ದು. ಇಬ್ಬರೂ ಅದರ ಮ್ಯಾಲೆ ಓಡಸ್ತಾರ."

"ಹಂಗಾದ್ರ ಖಾಸಗಿದಕ್ಕ ತಗಿ" ಅಂದೆ. ನನಗೆ ಅದನ್ನು ನೋಡಲೇಬೇಕಿತ್ತು.

ಯಾಕೆ ಅಂತ ಹೇಳುತ್ತೇನೆ. ನಾನು ರೈಲ್ವೆಯಲ್ಲಿ 34 ವರ್ಷ ಇದ್ದವನು. ಅದರಲ್ಲಿ ಹೆಚ್ಚಿನ ವರ್ಷ ಸೆಕ್ಷನ್ ಕಂಟ್ರೋಲರ್. ಪ್ರಯಾಣಿಕರು ನಮ್ಮ ಮುಖ ನೋಡಿರುವುದಿಲ್ಲ. ಕಿವಿಗೆ ಫೋನ್, ಮುಂದೆ ಒಂದು ದೊಡ್ಡ ಹಾಳೆ. ಹಾಳೆಯ ಅಡ್ಡಕ್ಕೆ ಗಂಟೆ, ನಿಮಿಷ. ಮೇಲಿಂದ ಕೆಳಕ್ಕೆ ಸ್ಟೇಷನ್‌ಗಳ ಹೆಸರು. ಪ್ರತಿ ಗಾಡಿಗೂ ಒಂದು ಓರೆ ಗೆರೆ. ನಮ್ಮ ಆಫೀಸಿನಲ್ಲಿ ಮೇಲ್, ಎಕ್ಸ್‌ಪ್ರೆಸ್‌ಗೆ ಕೆಂಪು ಪೆನ್ಸಿಲ್. ಪ್ಯಾಸೆಂಜರ್‌ಗೆ ನೀಲಿ. ಗೂಡ್ಸ್‌ಗೆ ಕಪ್ಪು. ಸಿಂಗಲ್ ಲೈನ್‌ನಲ್ಲಿ ಎರಡು ಗೆರೆ ಎದುರಾಗುವ ಜಾಗದಲ್ಲಿ ಯಾವುದೋ ಒಂದು ಗಾಡಿ ಲೂಪ್‌ಗೆ, ಅಂದರೆ ಸ್ಟೇಷನ್‌ನ ಬದಿಯ ಹಳಿಗೆ, ಹೋಗಿ ನಿಲ್ಲಬೇಕು. ಯಾವುದು ನಿಲ್ಲಬೇಕು ಅಂತ ಹೇಳುವವನು ಕಂಟ್ರೋಲರ್. ನಿಂತ ಗಾಡಿಯ ಗೆರೆ ಚಾರ್ಟ್‌ನಲ್ಲಿ ಅಡ್ಡಕ್ಕೆ ಮಲಗುತ್ತದೆ. ಕೊನೆಯ ವರ್ಷಗಳಲ್ಲಿ ಕಂಪ್ಯೂಟರ್ ಬಂತು, ಪೆನ್ಸಿಲ್ ಹೋಯಿತು. ಕೆಲಸ ಅದೇ.

ಒಂದು ಏಪ್ರಿಲ್ ಮಧ್ಯಾಹ್ನ ನಾನು ಒಂದು ಪ್ಯಾಸೆಂಜರ್ ಗಾಡಿಯನ್ನು ಸಣ್ಣ ಸ್ಟೇಷನ್ ಒಂದರಲ್ಲಿ 40 ನಿಮಿಷ ನಿಲ್ಲಿಸಿದ್ದೆ. ಮೊದಲು ಒಂದು ಎಕ್ಸ್‌ಪ್ರೆಸ್, ಅದರ ಹಿಂದೆಯೇ ಅದಿರಿನ ಗೂಡ್ಸ್. ಸ್ಟೇಷನ್ ಮಾಸ್ಟರ್ ಫೋನ್‌ನಲ್ಲಿ ಹೇಳಿದ: "ಸಾಹೇಬ್ರ, ಗಾಡ್ಯಾಗ ಬಾಣಂತಿ ಕುಂತಾಳ್ರಿ. ನೀರ ಸೈತ ಇಲ್ಲ." ಎಕ್ಸ್‌ಪ್ರೆಸ್ ಹೋದ ಮೇಲೆ ಗೂಡ್ಸ್ ತಡೆದು ಪ್ಯಾಸೆಂಜರ್ ಬಿಡಬಹುದಿತ್ತು. ನಾನು ಬಿಡಲಿಲ್ಲ. ಮೇಲಿನಿಂದ ಗೂಡ್ಸ್‌ಗೆ ಒತ್ತಡವಿತ್ತು. ಆ ನೀಲಿ ಗೆರೆ ಮಲಗಿದ್ದು ಇವತ್ತಿಗೂ ಕಣ್ಣ ಮುಂದೆ ಇದೆ. ಅವತ್ತು ಎಲ್ಲ ಗಾಡಿಗಳೂ ಒಬ್ಬರದ್ದೇ. ಒಂದೇ ಹಳಿಯ ಮೇಲೆ ಬೇರೆ ಬೇರೆ ಮಾಲೀಕರ ಗಾಡಿ ಓಡಿದರೆ ಏನಾಗುತ್ತದೆ, ಯಾರ ಗೆರೆ ಮಲಗುತ್ತದೆ ಅನ್ನೋದು ನನ್ನ ತಲೆಯಲ್ಲಿ ಬಹಳ ದಿನದಿಂದ ಇತ್ತು. ಅದಕ್ಕೇ ಇಟಾಲೊ.

ಟಿಕೆಟ್ ಮೊದಲೇ ತೆಗೆದಿದ್ದರಿಂದ ತಲಾ 39 ಯೂರೋ 90 ಸೆಂಟ್‌ಗೆ ಸಿಕ್ಕಿತು. ಸ್ಮಾರ್ಟ್ ಅನ್ನುವ ಕ್ಲಾಸ್. ಅಲ್ಲಿ ಎಲ್ಲಕ್ಕಿಂತ ಕಮ್ಮಿ ದರದ್ದು. ಹೊರಡುವ ಹಿಂದಿನ ದಿನ ಸುಮ್ನೆ ನೋಡಿದೆವು. ಅದೇ ಗಾಡಿ, ಅದೇ ಕ್ಲಾಸ್, ದರ ಎರಡು ಪಟ್ಟಿಗಿಂತ ಜಾಸ್ತಿ. ಹಾಗಾಗಿ ಹೋಗುವವರು ದಿನ ಗೊತ್ತಾದ ಕೂಡಲೇ ತೆಗೆದುಬಿಡಿ. ಅಗ್ಗದ ಟಿಕೆಟ್‌ಗೆ ಬದಲಾವಣೆ, ರದ್ದತಿಯ ನಿಯಮ ಬಿಗಿ. ಅದನ್ನೂ ಓದಿಕೊಳ್ಳಿ.

ಮಿಲಾನ್ ಸೆಂಟ್ರಾಲೆ 1931ರಲ್ಲಿ ಶುರುವಾದ ಸ್ಟೇಷನ್. ಮೇಲೆ ಕಬ್ಬಿಣ, ಗಾಜಿನ ದೊಡ್ಡ ಕಮಾನು. ಕೆಳಗೆ 24 ಪ್ಲಾಟ್‌ಫಾರ್ಮ್. ಟಿಕೆಟ್ ತೋರಿಸಿದ ಮೇಲೇ ಗೇಟ್ ಒಳಗೆ ಬಿಡುತ್ತಾರೆ. ಪ್ಲಾಟ್‌ಫಾರ್ಮ್ ನಂಬರ್ ಗಾಡಿ ಹೊರಡುವ ಸ್ವಲ್ಪ ಮೊದಲಷ್ಟೇ ಬೋರ್ಡ್ ಮೇಲೆ ಬರುತ್ತದೆ. ಅಲ್ಲಿಯವರೆಗೆ ನೂರಾರು ಜನ ತಲೆ ಎತ್ತಿ ನಿಂತಿರುತ್ತಾರೆ. ವಯಸ್ಸಾದವರು, ಮಂಡಿ ನೋವಿನವರು ಬೋರ್ಡ್ ಕಾಣುವ ಜಾಗದಲ್ಲೇ ಕೂತುಕೊಳ್ಳಿ, ಯಾಕೆಂದರೆ ನಂಬರ್ ಬಂದ ಮೇಲೆ ಎಲ್ಲರೂ ಒಟ್ಟಿಗೆ ನಡೆಯುತ್ತಾರೆ. ಆ ಬೋರ್ಡ್‌ನಲ್ಲಿ ರೋಮ್ ಗಾಡಿಗಳೇ ಸಾಲಾಗಿ ಇದ್ದವು. ಒಂದು ಫ್ರೆಚಾರೊಸ್ಸ, ಅಂದರೆ ಸರ್ಕಾರಿ ಕಂಪನಿ ತ್ರೆನಿಟಾಲಿಯದ್ದು. ಸ್ವಲ್ಪ ಹೊತ್ತಿಗೆ ಇಟಾಲೊ. ಮತ್ತೆ ಫ್ರೆಚಾರೊಸ್ಸ. ಎರಡಕ್ಕೂ ಒಂದೇ ಬೋರ್ಡ್, ಒಂದೇ ಅಳತೆಯ ಅಕ್ಷರ, ಒಂದೇ ಧ್ವನಿಯ ಅನೌನ್ಸ್‌ಮೆಂಟ್. ಇದನ್ನು ನೋಡಿ ನಾನು ಡೈರಿ ತೆಗೆದು ಟೈಮ್ ಬರೆದುಕೊಳ್ಳಲು ಶುರು ಮಾಡಿದೆ. "ರಿಟೈರ್ ಆದ ಮ್ಯಾಲೂ ಬಿಡಂಗಿಲ್ಲ ನೀವು" ಅಂದಳು ಹೆಂಡತಿ.

ಗಾಡಿಯ ಬಣ್ಣ ಕಡು ಕೆಂಪು, ಒಣ ಮೆಣಸಿನಕಾಯಿಯಂತೆ. ಫ್ರಾನ್ಸಿನ ಅಲ್ಸ್ಟಾಮ್ ಕಂಪನಿ ಮಾಡಿದ ಎಜಿವಿ ಅನ್ನುವ ಮಾದರಿ. ಇಂಥವು 25 ಇವೆ. ನಾನು ಹತ್ತುವ ಮೊದಲು ಬಗ್ಗಿ ಎರಡು ಕೋಚ್ ಕೂಡುವ ಜಾಗ ನೋಡಿದೆ. ಬಹಳ ದಿನದ ಆಸೆ ಅದು. ನಾವು ಕೋಚ್‌ಗೆ ಬೋಗಿ ಅನ್ನುತ್ತೇವಲ್ಲ, ಅದರ ಕೆಳಗೆ ಗಾಲಿ ಇರುವ ಚೌಕಟ್ಟಿಗೆ ರೈಲ್ವೆಯವರು ಟ್ರಾಲಿ ಅನ್ನುತ್ತಾರೆ. ನಮ್ಮ ಒಂದೊಂದು ಕೋಚ್‌ಗೆ ಎರಡು ಟ್ರಾಲಿ. 11 ಕೋಚ್‌ಗೆ 22. ಈ ಗಾಡಿಗೂ 11 ಕೋಚ್, ಆದರೆ ಟ್ರಾಲಿ 12 ಮಾತ್ರ. ಎರಡು ಕೋಚ್‌ಗಳ ಅಂಚು ಒಂದೇ ಟ್ರಾಲಿಯ ಮೇಲೆ ಕೂತಿರುತ್ತದೆ. ಕೈ ಕೈ ಹಿಡಿದ ಮಕ್ಕಳ ಸಾಲಿನಂತೆ ಗಾಡಿ ಒಟ್ಟಿಗೆ ತಿರುಗುತ್ತದೆ. ಮುಂದೆ ಎಳೆಯುವ ಎಂಜಿನ್ ಬೇರೆ ಇಲ್ಲ. ಮೋಟರ್‌ಗಳನ್ನು ಉದ್ದಕ್ಕೂ ಹಂಚಿದ್ದಾರೆ. ಹಾಗಾಗಿ ಹೊರಡುವಾಗ ಒಂದು ಜಗ್ಗು ಇಲ್ಲ, ಕಪ್ಲಿಂಗ್ ಸದ್ದಿಲ್ಲ. ಹೊರಟಿದ್ದೇ ಗೊತ್ತಾಗಲಿಲ್ಲ. ಪಕ್ಕದ ಕಂಬ ಹಿಂದಕ್ಕೆ ಹೋದಾಗಲೇ ತಿಳಿದದ್ದು.

ಒಳಗೆ ಎರಡೂ ಕಡೆ ಎರಡೆರಡು ಸೀಟು. ಕಾಲು ಚಾಚಲು ನನಗೆ ಸಾಕಾಯಿತು. ಕಿಟಕಿ ದೊಡ್ಡದು. ವೈಫೈ ಪುಕ್ಕಟೆ. ಸ್ಮಾರ್ಟ್ ಕ್ಲಾಸ್‌ನಲ್ಲಿ ತಿಂಡಿ ತಂದುಕೊಡುವುದಿಲ್ಲ. ದುಡ್ಡು ಹಾಕಿದರೆ ಕಾಫಿ, ಬಿಸ್ಕತ್ತು ಕೊಡುವ ಮಷೀನ್ ಒಂದು ಕಡೆ ಇದೆ, ಅಷ್ಟೇ. ಬಿಸಿ ಊಟ, ಚಹಾ ಮಾರುತ್ತಾ ಬರುವವರು ಬೇಕು ಅನ್ನುವವರಿಗೆ ಇದು ಬೇಸರ. ನಾವು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಫ್ಲಾಸ್ಕ್‌ನಲ್ಲಿ ಚಹಾ ತಂದಿದ್ದೆವು. ಯಾರೂ ಏನೂ ಅನ್ನಲಿಲ್ಲ. ಎದುರಿನ ಸೀಟಿನ ಅಜ್ಜಿ ಚಟ್ನಿಯ ವಾಸನೆಗೆ ತಿರುಗಿ ನೋಡಿ, ಒಂದು ತುಣುಕು ರೊಟ್ಟಿ ಇಸಿದುಕೊಂಡು ತಿಂದರು. ಕಣ್ಣಲ್ಲಿ ನೀರು ಬಂತು ಅವರಿಗೆ. ಆದರೂ ಇನ್ನೊಂದು ತುಣುಕು ಕೇಳಿದರು.

ಊರು ದಾಟಿದ ಮೇಲೆ ಹೊಸ ಹೈಸ್ಪೀಡ್ ಹಳಿ. ಮಿಲಾನ್–ಬೊಲೊನ್ಯ ನಡುವಿನ ಈ ದಾರಿ 2008ರಲ್ಲಿ ಶುರುವಾಯಿತು. ಪಕ್ಕದಲ್ಲೇ ಹೆದ್ದಾರಿ. ಅದರ ಮೇಲಿನ ಕಾರುಗಳು ಹಿಂದಕ್ಕೆ ಓಡುತ್ತಿರುವಂತೆ ಕಾಣುತ್ತವೆ. ಮಗಳು ಮೊಬೈಲ್‌ನಲ್ಲಿ ವೇಗ ತೋರಿಸಿದಳು: ಗಂಟೆಗೆ 297 ಕಿಲೋಮೀಟರ್. ಫ್ಲಾಸ್ಕ್ ಮುಚ್ಚಳದಲ್ಲಿ ಅರ್ಧ ಚಹಾ ಇತ್ತು. ಅದರ ಮೇಲೆ ಸಣ್ಣಗೆ ಒಂದು ನಡುಕ, ಚೆಲ್ಲುವಷ್ಟಿಲ್ಲ. ನಾನು ಕಿಟಕಿಗೆ ಹಣೆ ಹಚ್ಚಿ ಸಿಗ್ನಲ್ ಹುಡುಕುತ್ತಿದ್ದೆ. ಒಂದೂ ಕಾಣಲಿಲ್ಲ. ಈ ವೇಗದಲ್ಲಿ ಡ್ರೈವರ್‌ಗೆ ಹೊರಗಿನ ಸಿಗ್ನಲ್ ಓದಲು ಆಗುವುದಿಲ್ಲ. ಎಲ್ಲಿಯವರೆಗೆ ಹೋಗಬಹುದು, ಎಷ್ಟು ವೇಗದಲ್ಲಿ ಅನ್ನುವುದು ರೇಡಿಯೋ ಮೂಲಕ ಅವನ ಮುಂದಿನ ಪರದೆಗೇ ಬರುತ್ತದೆ. ಯುರೋಪಿನ ಇಟಿಸಿಎಸ್ ಪದ್ಧತಿ ಅದು. ಆ ಅನುಮತಿ ಕಳಿಸುವುದು ಹಳಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ. ಗಾಡಿ ಕೆಂಪೋ ಬೂದಿಯೋ ಅಂತ ಆ ರೇಡಿಯೋಗೆ ಗೊತ್ತಾಗುವ ಅಗತ್ಯವೇ ಇಲ್ಲ.

ಫ್ಲಾರೆನ್ಸ್‌ನಲ್ಲಿ ನಿಲ್ಲುವ ಗಾಡಿ ಹತ್ತುವವರು ಒಂದು ಮಾತು ನೆನಪಿಡಿ. ಆ ಸ್ಟೇಷನ್‌ನಲ್ಲಿ ಹಳಿ ಮುಗಿಯುತ್ತದೆ. ಗಾಡಿ ಬಂದ ದಿಕ್ಕಿಗೇ ವಾಪಸ್ ಹೊರಡುತ್ತದೆ. ಅಲ್ಲಿಯವರೆಗೆ ಮುಂದೆ ನೋಡಿ ಕೂತವರು ಆಮೇಲೆ ಹಿಮ್ಮುಖ. ನನ್ನ ಹೆಂಡತಿಗೆ ಹಿಮ್ಮುಖ ಕೂತರೆ ತಲೆ ಸುತ್ತುತ್ತದೆ. ಹಾಗಾಗಿ ನಾವಿಬ್ಬರೂ ಅಲ್ಲಿ ಸೀಟು ಬದಲಿಸಿಕೊಂಡೆವು. ಎಂಜಿನ್ ಬಿಡಿಸಿ, ಸುತ್ತು ಹಾಕಿಸಿ, ಇನ್ನೊಂದು ತುದಿಗೆ ಕೂಡಿಸಿ, ಬ್ರೇಕ್ ಟೆಸ್ಟ್ ಮಾಡುವ ಕೆಲಸ ಅಲ್ಲಿಲ್ಲ. ಆ ತುದಿಯ ಕ್ಯಾಬಿನ್‌ನಿಂದ ಗಾಡಿ ಬಿಟ್ಟರಾಯಿತು.

ಬೊಲೊನ್ಯ ದಾಟಿದ ಮೇಲೆ ಫ್ಲಾರೆನ್ಸ್‌ವರೆಗೆ ಬಹುಪಾಲು ಸುರಂಗ. ಕಿವಿ ಕಟ್ಟುತ್ತದೆ. ನೋಡಲು ಏನಿಲ್ಲ. ಆ ಹೊತ್ತಿನಲ್ಲಿ ಮಗಳ ಕೈಲಿ ಈ ಕಂಪನಿಯ ಕಥೆ ಓದಿಸಿಕೊಂಡೆ.

ಇಟಾಲೊ ಓಡಿಸುವ ಎನ್‌ಟಿವಿ ಅನ್ನುವ ಕಂಪನಿ 2006ರಲ್ಲಿ ಹುಟ್ಟಿದ್ದು. ಕಟ್ಟಿದವರಲ್ಲಿ ಫೆರಾರಿ ಕಾರು ಕಂಪನಿಯ ಅಂದಿನ ಮುಖ್ಯಸ್ಥ ಮೊಂಟೆಜೆಮೊಲೊ ಒಬ್ಬರು. ಮೊದಲ ಗಾಡಿ ಓಡಿದ್ದು 2012ರ ಏಪ್ರಿಲ್ 28ರಂದು. ಹಳಿ ಆರ್‌ಎಫ್‌ಐ ಅನ್ನುವ ಸಂಸ್ಥೆಯದ್ದು. ಆ ಆರ್‌ಎಫ್‌ಐ, ಇಟಾಲೊಗೆ ಪೈಪೋಟಿ ಕೊಡುವ ತ್ರೆನಿಟಾಲಿಯ, ಎರಡೂ ಒಂದೇ ಸರ್ಕಾರಿ ಗುಂಪಿಗೆ ಸೇರಿದವು. ಇದನ್ನು ಓದಿದ ಕೂಡಲೇ ನಾನು ನೆಟ್ಟಗೆ ಕೂತೆ. ನಮ್ಮ ಮಾತಿನಲ್ಲಿ ಹೇಳಬೇಕು ಅಂದರೆ, ಕಂಟ್ರೋಲ್ ಆಫೀಸ್ ಮತ್ತು ಎದುರಾಳಿಯ ಗಾಡಿ ಎರಡೂ ಒಂದೇ ಮನೆಯವು. ಹೀಗಿದ್ದರೆ ಜಗಳ ಆಗದೆ ಇರುತ್ತದಾ?

ಆಯಿತು. ಮೊದಮೊದಲು ಇಟಾಲೊಗೆ ಮಿಲಾನ್ ಸೆಂಟ್ರಾಲೆ, ರೋಮ್ ತರ್ಮಿನಿಯಂಥ ದೊಡ್ಡ ಸ್ಟೇಷನ್ ಇರಲಿಲ್ಲ. ಬದಿಯ ಸ್ಟೇಷನ್‌ಗಳಿಂದ ಓಡಿಸುತ್ತಿದ್ದರು. ರೋಮ್‌ನ ಓಸ್ತಿಯೆನ್ಸೆಯಲ್ಲಿ ಇಟಾಲೊದ ಪ್ರಯಾಣಿಕರ ಕೋಣೆಗೂ ಪ್ಲಾಟ್‌ಫಾರ್ಮ್‌ಗೂ ನಡುವೆ ಕಬ್ಬಿಣದ ಬೇಲಿ ಬಂತು. ಅಲ್ಲಿನ ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿ. ಹಳಿ ಬಾಡಿಗೆ ಜಾಸ್ತಿ, ಕಂಪನಿಯ ಮೇಲೆ ಸಾಲ. 2013ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ತನಿಖೆ ಶುರು ಮಾಡಿತು. ಅದೇ ಹೊತ್ತಿಗೆ ಟುರಿನ್ ಊರಿನಲ್ಲಿ ಸಾರಿಗೆ ನಿಯಂತ್ರಣ ಪ್ರಾಧಿಕಾರ ಅಂತ ಒಂದು ಹೊಸ ಸಂಸ್ಥೆ ಕೆಲಸಕ್ಕೆ ಕೂತಿತು. ಅದಕ್ಕೆ ರೈಲು ಓಡಿಸುವ ಕೆಲಸ ಇಲ್ಲ. ಹಳಿ ಬಾಡಿಗೆ ನ್ಯಾಯವಾಗಿದೆಯಾ, ಟೈಮು ಹಂಚುವುದರಲ್ಲಿ ಪಕ್ಷಪಾತ ಇದೆಯಾ ಅಂತ ನೋಡುವುದೇ ಕೆಲಸ. 2014ರಲ್ಲಿ ಅದು ಹೈಸ್ಪೀಡ್ ಹಳಿಯ ಬಾಡಿಗೆಯನ್ನು ಕಿಲೋಮೀಟರ್‌ಗೆ ಸುಮಾರು 13 ಯೂರೋದಿಂದ 8 ಯೂರೋ ಚಿಲ್ಲರೆಗೆ ಇಳಿಸಿತು. ಎಲ್ಲ ಕಂಪನಿಗೂ ಅದೇ ದರ. ಆಮೇಲೆ ಇಟಾಲೊ ಚೇತರಿಸಿಕೊಂಡಿತು. 2018ರಲ್ಲಿ ಅಮೆರಿಕದ ಒಂದು ಹೂಡಿಕೆ ಸಂಸ್ಥೆ ಅದನ್ನು ಸುಮಾರು 200 ಕೋಟಿ ಯೂರೋಗೆ ಕೊಂಡಿತು. ಪೈಪೋಟಿಯಿಂದ ಟಿಕೆಟ್ ದರ ಇಳಿಯಿತು, ಗಾಡಿಗಳು ಹೆಚ್ಚಿದವು. ಸರ್ಕಾರಿ ಕಂಪನಿಯೂ 2015ರಲ್ಲಿ ಫ್ರೆಚಾರೊಸ್ಸ 1000 ಅನ್ನುವ ಹೊಸ ಗಾಡಿ ಇಳಿಸಿತು.

ನನಗೆ ಇಟಾಲೊ ಇಷ್ಟವಾಗಿದ್ದು ನಿಜ. ಮೆತ್ತನೆ ಸೀಟು, ನಗುಮುಖದ ಸಿಬ್ಬಂದಿ, ಶುಚಿ ಶೌಚಾಲಯ ಎಲ್ಲ ಸೈ. ಆದರೆ ಪೂರ್ತಿ ಶ್ರೇಯಸ್ಸನ್ನು ಖಾಸಗಿ ಅನ್ನುವ ಪದಕ್ಕೆ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಟುರಿನ್‌ನಲ್ಲಿ ಕೂತಿರುವ ಆ ಆಫೀಸ್ ಇಲ್ಲದಿದ್ದರೆ ಈ ಕೆಂಪು ಗಾಡಿ ಯಾವತ್ತೋ ಲೂಪ್ ಲೈನ್ ಸೇರುತ್ತಿತ್ತು.

ಇನ್ನೊಂದು ವಿಷಯ. ಆ ಮೂರು ವಾರದಲ್ಲಿ ನಾವು ಬೇರೆ ಬೇರೆ ಕಂಪನಿಯ ಹಲವು ರೈಲು ಹತ್ತಿದೆವು. ಅದರಲ್ಲಿ ಒಂದು 70 ನಿಮಿಷ ತಡ. ಯಾವುದು ಅಂತ ಬರೆಯುವುದಿಲ್ಲ, ಅದು ಮುಖ್ಯವಲ್ಲ. ಒಂದು ಗಂಟೆ ದಾಟಿದರೆ ಟಿಕೆಟ್‌ನ ಕಾಲುಭಾಗ, ಎರಡು ಗಂಟೆ ದಾಟಿದರೆ ಅರ್ಧ ವಾಪಸ್ ಅಂತ ಯುರೋಪ್ ಒಕ್ಕೂಟದ ಕಾನೂನು ಇದೆ. ಸರ್ಕಾರಿಗೂ ಅದೇ, ಖಾಸಗಿಗೂ ಅದೇ. ಮಗಳು ಫಾರ್ಮ್ ತುಂಬಿದಳು. ನಾವು ಹುಬ್ಬಳ್ಳಿಗೆ ಬಂದ ಮೇಲೆ ದುಡ್ಡು ಬಂತು ಅಂತ ಫೋನ್ ಮಾಡಿದಳು. ತಡವಾದದ್ದಕ್ಕೆ ದುಡ್ಡು ಕೊಟ್ಟಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ನಮ್ಮಲ್ಲೂ ಇದನ್ನು ಮಾಡಿ ನೋಡಿದ್ದರು. 2019ರ ಅಕ್ಟೋಬರ್‌ನಲ್ಲಿ ಲಖನೌ–ದೆಹಲಿ ತೇಜಸ್ ಶುರುವಾದಾಗ ಒಂದು ಗಂಟೆ ತಡಕ್ಕೆ 100 ರೂಪಾಯಿ, ಎರಡು ಗಂಟೆ ದಾಟಿದರೆ 250 ರೂಪಾಯಿ ಪರಿಹಾರ ಇಟ್ಟಿದ್ದರು. ಅದನ್ನು ಖಾಸಗಿ ರೈಲು ಅಂತ ಎಲ್ಲರೂ ಕರೆದರು. ಓಡಿಸಿದ್ದು ಐಆರ್‌ಸಿಟಿಸಿ, ರೈಲ್ವೆಯದ್ದೇ ಸಂಸ್ಥೆ. 2020ರ ಜುಲೈನಲ್ಲಿ 109 ಮಾರ್ಗಗಳಲ್ಲಿ 151 ಖಾಸಗಿ ಗಾಡಿ ಓಡಿಸಲು ರೈಲ್ವೆ ಅರ್ಜಿ ಕರೆಯಿತು. 30,000 ಕೋಟಿ ಬಂಡವಾಳದ ಲೆಕ್ಕ, 35 ವರ್ಷದ ಒಪ್ಪಂದ, ಮಾರ್ಗಗಳ 12 ಗುಂಪುಗಳು. ಅದರಲ್ಲಿ ಬೆಂಗಳೂರಿನದ್ದೂ ಒಂದು. 2021ರಲ್ಲಿ ಟೆಂಡರ್ ತೆರೆದಾಗ ದರ ಬರೆದು ಕೊಟ್ಟವರು ಇಬ್ಬರೇ: ಐಆರ್‌ಸಿಟಿಸಿ ಮತ್ತು ಮೇಘಾ ಎಂಜಿನಿಯರಿಂಗ್. ಯೋಜನೆ ಅಲ್ಲಿಗೆ ನಿಂತಿತು. ನನಗೆ ಆಶ್ಚರ್ಯ ಆಗಲಿಲ್ಲ. ಗಾಡಿ ನಿನ್ನದು, ದುಡ್ಡು ನಿನ್ನದು, ಆದರೆ ಹಳಿ, ಸಿಗ್ನಲ್, ಡ್ರೈವರ್, ಗಾರ್ಡ್, ಕಂಟ್ರೋಲರ್ ಎಲ್ಲ ಎದುರಾಳಿಯವರು ಅಂದರೆ ಯಾರು 35 ವರ್ಷಕ್ಕೆ ಕೈ ಹಾಕುತ್ತಾರೆ? 2017ರಲ್ಲೇ ಕೇಂದ್ರ ಸಂಪುಟ ರೈಲು ಅಭಿವೃದ್ಧಿ ಪ್ರಾಧಿಕಾರಕ್ಕೆ, ಅಂದರೆ ಟುರಿನ್‌ನಲ್ಲಿರುವಂಥ ಒಂದು ಆಫೀಸಿಗೆ, ಒಪ್ಪಿಗೆ ಕೊಟ್ಟಿತ್ತು. ಆ ಕುರ್ಚಿ ಮೊದಲು ಹಾಕಬೇಕಿತ್ತು, ಟೆಂಡರ್ ಆಮೇಲೆ.

ಖಾಸಗಿ ಅಂದ ಕೂಡಲೇ ಹೆದರುವ ಹಳೇ ಗೆಳೆಯರು ನನಗೆ ಬಹಳ ಜನ ಇದ್ದಾರೆ. ಅವರಿಗೆ ನಾನು ನೆನಪಿಸುವುದು ಇಷ್ಟು: ಹುಬ್ಬಳ್ಳಿಗೆ ರೈಲು ತಂದದ್ದೇ ಒಂದು ಕಂಪನಿ. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ. 1908ರಲ್ಲಿ ಅದು ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯಿತು. ನಮ್ಮ ಅಜ್ಜ ಕೊನೆವರೆಗೂ ಎಂಎಸ್‌ಎಂ ಅಂತಲೇ ಅನ್ನುತ್ತಿದ್ದ. 1944ರಲ್ಲಿ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು.

ಆದರೆ ಗೆಳೆಯರ ಒಂದು ಹೆದರಿಕೆ ನನಗೂ ಇದೆ. ಇಟಾಲೊ ಓಡುವುದು ಜನ ತುಂಬುವ, ದುಡ್ಡು ಬರುವ ದಾರಿಯಲ್ಲಿ. ನಾವು ಮಿಲಾನ್ ಪಕ್ಕದ ಒಂದು ಸಣ್ಣ ಊರಿಗೆ ಹೋದಾಗ ಹತ್ತಿದ ಲೋಕಲ್ ಗಾಡಿಗೆ ಅಲ್ಲಿನ ಪ್ರಾಂತ್ಯದ ಸರ್ಕಾರ ಒಪ್ಪಂದ ಮಾಡಿಕೊಂಡು ದುಡ್ಡು ಕೊಡುತ್ತದೆ. ಶಾಲೆ ಮಕ್ಕಳು, ಸೈಕಲ್ ಹಿಡಿದವರು, ತರಕಾರಿ ಚೀಲದವರು ಅದರಲ್ಲಿ ಇದ್ದರು. ಇಂಥ ಗಾಡಿಗೆ ಇಷ್ಟು ಟೈಮು, ಇಷ್ಟು ದುಡ್ಡು ಅಂತ ಕಾಗದದ ಮೇಲೆ ಮೊದಲೇ ಬರೆದಿಟ್ಟಿದ್ದಾರೆ. ನಮ್ಮ ಲೋಂಡಾ ಕಡೆಯ ಪ್ಯಾಸೆಂಜರ್‌ಗೆ ಯಾರು ಹಾಗೆ ಬರೆದುಕೊಡುತ್ತಾರೆ? ಅದು ಗಟ್ಟಿಯಾಗುವವರೆಗೆ ಕೆಂಪು ಗಾಡಿಗಳನ್ನು ತರಬೇಡಿ ಅಂತ ನಾನು ಬೇಡಿಕೊಳ್ಳುತ್ತೇನೆ. ಆ ಬಾಣಂತಿ ಇನ್ನೂ 40 ನಿಮಿಷ ಜಾಸ್ತಿ ಕೂರಬೇಕಾಗುತ್ತದೆ.

ರೋಮ್ ತರ್ಮಿನಿಗೆ ಗಾಡಿ ಹೇಳಿದ ಟೈಮಿಗೆ ಎರಡು ನಿಮಿಷ ಮೊದಲೇ ನಿಂತಿತು. ಸುಮಾರು ಮೂರೂಕಾಲು ಗಂಟೆ. ವಿಮಾನಕ್ಕಾದರೆ ಊರಾಚೆ ಹೋಗಿ, ಸಾಲಲ್ಲಿ ನಿಂತು, ಮತ್ತೆ ಊರೊಳಗೆ ಬರುವಷ್ಟರಲ್ಲಿ ಇದಕ್ಕಿಂತ ಜಾಸ್ತಿ ಹೊತ್ತು ಹೋಗುತ್ತದೆ. ಮಿಲಾನ್, ಫ್ಲಾರೆನ್ಸ್, ರೋಮ್, ನೇಪಲ್ಸ್ ನೋಡಲು ಹೋಗುವ ನಮ್ಮವರು ಕಣ್ಣು ಮುಚ್ಚಿ ರೈಲನ್ನೇ ಆರಿಸಿಕೊಳ್ಳಿ. ಎರಡೂ ಕಂಪನಿಯ ದರ ಅಕ್ಕಪಕ್ಕ ಇಟ್ಟು ನೋಡಿ. ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಸ್ವಲ್ಪ ಜಾಸ್ತಿ ಕೊಟ್ಟು ಪ್ರೀಮಾ ಕ್ಲಾಸ್ ತೆಗೆದುಕೊಡಿ. ಸೀಟು ಅಗಲ, ಕುಡಿಯಲು ಏನಾದರೂ ಕೂತಲ್ಲಿಗೇ ಬರುತ್ತದೆ.

ಮನೆಗೆ ಬಂದ ಮೇಲೆ ಡೈರಿಯಲ್ಲಿದ್ದ ಟೈಮ್‌ಗಳನ್ನು ಹಳೇ ಚಾರ್ಟ್ ಹಾಳೆಯೊಂದರ ಮೇಲೆ ಇಳಿಸಿದೆ. ಮಿಲಾನ್, ಬೊಲೊನ್ಯ, ಫ್ಲಾರೆನ್ಸ್, ರೋಮ್ ಅಂತ ಬದಿಗೆ ಬರೆದೆ. ಮೊದಲು ಫ್ರೆಚಾರೊಸ್ಸದ ಗೆರೆ, ಆಮೇಲೆ ಇಟಾಲೊದ್ದು, ಮತ್ತೆ ಫ್ರೆಚಾರೊಸ್ಸ. ಎಲ್ಲ ಒಂದೇ ಓರೆಯಲ್ಲಿ ಜೊತೆ ಜೊತೆಗೆ ಇಳಿದವು. ಒಂದೂ ಅಡ್ಡ ಮಲಗಲಿಲ್ಲ. ಹೆಂಡತಿ ಚಹಾ ಇಡಲು ಬಂದವಳು ಹಾಳೆ ನೋಡಿ ಕೇಳಿದಳು, "ಎರಡು ಕಂಪನಿ ಅಂದ್ರಿ, ಎಲ್ಲಾ ಕೆಂಪ ಪೆನ್ಸಿಲ್‌ಲೇ ಎಳದೀರಲ್ಲ?"

"ಎರಡೂ ಎಕ್ಸ್‌ಪ್ರೆಸ್ಸೇ ಅಲ್ಲೇನ" ಅಂದೆ.